ಶಾಲೆಗಳಲ್ಲಿ ಆರೋಗ್ಯ ಶಿಕ್ಷಣ ಮತ್ತು ಶಿಕ್ಷಕರ ತರಬೇತಿ: ಗ್ರಾಮ ಪಂಚಾಯತಿಯ ಯೋಜನೆಯಲ್ಲಿ ಅದಕ್ಕೆ ಸ್ಥಾನ ಎಲ್ಲಿ?



ವಾರ್ಷಿಕ ಕ್ರಿಯಾಯೋಜನೆಯ ಸಭೆಯಲ್ಲಿ ಶಾಲೆಯ ವಿಷಯ ಬಂದಾಗ ನಮ್ಮ ಚರ್ಚೆಯು ಸಾಮಾನ್ಯವಾಗಿ ಕಾಂಪೌಂಡ್ ಗೋಡೆ, ಸೋರುವ ಕೊಠಡಿ, ಶೌಚಾಲಯದ ದುರಸ್ತಿ, ಅಡುಗೆ ಕೋಣೆ ಮತ್ತು ಸುಣ್ಣಬಣ್ಣದಲ್ಲಿಯೇ ಮುಗಿಯುತ್ತದೆ. ಇವೆಲ್ಲವೂ ಬೇಕಾದುವೇ. ಆದರೆ ಕಟ್ಟಿದ ಶೌಚಾಲಯವನ್ನು ಮಕ್ಕಳು ಬಳಸುತ್ತಿದ್ದಾರೆಯೇ, ಋತುಮತಿಯಾದ ಬಾಲಕಿಯು ತಿಂಗಳಿಗೆ ಎಷ್ಟು ದಿನ ಶಾಲೆ ತಪ್ಪಿಸುತ್ತಾಳೆ, ಕಪ್ಪುಹಲಗೆಯ ಮೇಲಿನ ಅಕ್ಷರ ಕಾಣದ ಮಗುವನ್ನು ಯಾರು ಗುರುತಿಸುತ್ತಾರೆ ಎಂಬ ಪ್ರಶ್ನೆಗಳು ನಮ್ಮ ಸಭಾ ನಡವಳಿಗಳಲ್ಲಿ ಕಾಣಸಿಗುವುದು ಅಪರೂಪ. ಆರೋಗ್ಯ ಶಿಕ್ಷಣವು ಶಿಕ್ಷಣ ಇಲಾಖೆಯ ಕೆಲಸ, ಶಿಕ್ಷಕರ ತರಬೇತಿಯು ಡಯಟ್‌ನ ಕೆಲಸ, ಮಾತ್ರೆ ಹಂಚುವುದು ಆರೋಗ್ಯ ಇಲಾಖೆಯ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ವಿಷಯದಲ್ಲಿ ಪಂಚಾಯತಿಯ ಕೈಗೆ ಎಟಕುವುದೆಷ್ಟು, ಎಟಕದಿರುವುದೆಷ್ಟು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಕಾನೂನಿನ ಮಾತು. ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರ್ಪಡೆಯಾದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳನ್ನೊಳಗೊಂಡ ಶಿಕ್ಷಣವೂ, ಆರೋಗ್ಯ ಮತ್ತು ನೈರ್ಮಲ್ಯವೂ, ಕುಡಿಯುವ ನೀರೂ, ಮಹಿಳಾ ಮತ್ತು ಶಿಶು ಅಭಿವೃದ್ಧಿಯೂ ಸೇರಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಪ್ರಕರಣವು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಹೇಳುವಾಗ, ತನ್ನ ವ್ಯಾಪ್ತಿಯ ಶಾಲೆಗಳ ಕಾರ್ಯನಿರ್ವಹಣೆಯ ಮೇಲ್ವಿಚಾರಣೆ, ವಲಸೆ ಕುಟುಂಬಗಳ ಮಕ್ಕಳ ದಾಖಲಾತಿ, ಮೂಲಸೌಕರ್ಯ – ಇವುಗಳ ಜೊತೆಗೆ ಶಿಕ್ಷಕರಿಗೆ ತರಬೇತಿ ಸೌಲಭ್ಯ ಒದಗಿಸುವುದನ್ನೂ ಹೆಸರಿಸಿದೆ. ಈ ಕೊನೆಯ ಅಂಶವನ್ನು ಗಮನಿಸಿದ ಸದಸ್ಯರು ಕಡಿಮೆ. ಹಾಗೆಂದು ಗ್ರಾಮ ಪಂಚಾಯತಿಯೇ ಪಠ್ಯಕ್ರಮ ರೂಪಿಸಿ ಶಿಕ್ಷಕರಿಗೆ ಪಾಠ ಹೇಳಬೇಕೆಂದು ಯಾರೂ ಅರ್ಥಮಾಡಿಕೊಳ್ಳಬಾರದು. ತರಬೇತಿಯ ವಿಷಯ ಮತ್ತು ಸಂಪನ್ಮೂಲ ವ್ಯಕ್ತಿಗಳನ್ನು ನಿರ್ಧರಿಸುವುದು ಇಲಾಖೆಗಳೇ. ಸ್ಥಳ, ಸಮಯ, ಸ್ಥಳೀಯ ಅಗತ್ಯದ ಮಾಹಿತಿ, ಎರಡು ಇಲಾಖೆಗಳ ನಡುವಿನ ಸಂಪರ್ಕ ಮತ್ತು ತರಬೇತಿಯ ನಂತರದ ಅನುಸರಣೆ ಮಾತ್ರ ಸ್ಥಳೀಯವಾಗಿಯೇ ಆಗಬೇಕಾದ ಕೆಲಸಗಳು. ಯೋಜನೆ ಸೋಲುವುದೂ ಬಹುತೇಕ ಇಲ್ಲಿಯೇ.

ಈಗ ಜಾರಿಯಲ್ಲಿರುವ ವ್ಯವಸ್ಥೆ

ನಮ್ಮ ದೇಶದಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಹೊಸದೇನಲ್ಲ. 1909ರಲ್ಲಿಯೇ ಬರೋಡಾ ನಗರದಲ್ಲಿ ಅದು ಆರಂಭವಾಗಿತ್ತು. ಸ್ವಾತಂತ್ರ್ಯಾನಂತರ 1960ರಲ್ಲಿ ಶ್ರೀಮತಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯ ಸಮಿತಿಯನ್ನು ಕೇಂದ್ರ ಸರ್ಕಾರ ರಚಿಸಿತ್ತು. ಶತಮಾನ ಕಳೆದರೂ ನಾವು ತಪಾಸಣೆಯ ಹಂತದಿಂದ ಶಿಕ್ಷಣದ ಹಂತಕ್ಕೆ ಪೂರ್ಣವಾಗಿ ದಾಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಸದ್ಯ ಮುಖ್ಯವಾಗಿರುವುದು ಆಯುಷ್ಮಾನ್ ಭಾರತ್ ಅಡಿಯ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ. ಇದನ್ನು ಕೇಂದ್ರದ ಆರೋಗ್ಯ ಮತ್ತು ಶಿಕ್ಷಣ ಸಚಿವಾಲಯಗಳು ಜಂಟಿಯಾಗಿ ರೂಪಿಸಿವೆ. ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು, ಸಾಧ್ಯವಾದಲ್ಲಿ ಒಬ್ಬ ಶಿಕ್ಷಕ ಮತ್ತು ಒಬ್ಬ ಶಿಕ್ಷಕಿಯನ್ನು, ಆರೋಗ್ಯ ರಾಯಭಾರಿಗಳೆಂದು ಗುರುತಿಸಿ ತರಬೇತಿ ನೀಡುವುದು ಇದರ ತಿರುಳು. ಅವರು ವಾರಕ್ಕೆ ಒಂದು ಗಂಟೆಯಂತೆ ವರ್ಷದಲ್ಲಿ 24 ವಾರ ಚಟುವಟಿಕೆಗಳ ಮೂಲಕ 11 ವಿಷಯಗಳನ್ನು ಮಕ್ಕಳಿಗೆ ತಿಳಿಸಬೇಕು. ಆರೋಗ್ಯಕರ ಬೆಳವಣಿಗೆ, ಮಾನಸಿಕ ಆರೋಗ್ಯ, ಪೋಷಣೆ ಮತ್ತು ನೈರ್ಮಲ್ಯ, ಲಿಂಗ ಸಮಾನತೆ, ಮಾದಕ ವಸ್ತುಗಳಿಂದ ದೂರವಿರುವುದು, ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್.ಐ.ವಿ. ತಡೆ, ಹಿಂಸೆ ಮತ್ತು ಗಾಯಗಳಿಂದ ರಕ್ಷಣೆ, ಅಂತರಜಾಲದ ಸುರಕ್ಷಿತ ಬಳಕೆ ಮುಂತಾದುವು ಅವುಗಳಲ್ಲಿ ಸೇರಿವೆ. ತರಗತಿಯ ಕೆಲವು ವಿದ್ಯಾರ್ಥಿಗಳು ಆರೋಗ್ಯ ಸಂದೇಶವಾಹಕರಾಗಿ ನೆರವಾಗುತ್ತಾರೆ.

ಇದರ ಪಕ್ಕದಲ್ಲಿ 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಇದರ ಸಂಚಾರಿ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬಂದು 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟಿನಿಂದ ಬಂದ ದೋಷ, ಕಾಯಿಲೆ, ಪೋಷಕಾಂಶದ ಕೊರತೆ ಮತ್ತು ಬೆಳವಣಿಗೆಯ ವಿಳಂಬಗಳನ್ನು ಪತ್ತೆಹಚ್ಚುತ್ತದೆ. ವಾರಕ್ಕೊಮ್ಮೆಯ ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆ ಎರಡು ಬಾರಿಯ ಜಂತುಹುಳು ನಿವಾರಣೆ, ಬಾಲಕಿಯರಿಗೆ ಶುಚಿ ಯೋಜನೆಯ ಸ್ಯಾನಿಟರಿ ಪ್ಯಾಡ್, ಹದಿಹರೆಯದವರಿಗೆ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ – ಹೀಗೆ ಕಾರ್ಯಕ್ರಮಗಳ ಕೊರತೆಯಿಲ್ಲ. ಕೊರತೆ ಇರುವುದು ಇವೆಲ್ಲವನ್ನೂ ಒಂದೇ ಮಗುವಿನ ಕಡೆಯಿಂದ ನೋಡುವವರದು.

ತರಬೇತಿ ಕರಗಿಹೋಗುವ ಬಗೆ

ಶಿಕ್ಷಕರ ತರಬೇತಿಯು ರಾಷ್ಟ್ರ ಮಟ್ಟದಿಂದ ರಾಜ್ಯ, ಜಿಲ್ಲೆ, ತಾಲ್ಲೂಕುಗಳ ಮೂಲಕ ಇಳಿದು ಬರುತ್ತದೆ. ನೀರಾವರಿಯ ಭಾಷೆಯಲ್ಲಿ ಹೇಳುವುದಾದರೆ, ಕಾಲುವೆಯ ತುದಿಯ ರೈತನಿಗೆ ಎಷ್ಟು ನೀರು ಸಿಗುತ್ತದೆಯೋ ಕೊನೆಯ ಶಾಲೆಯ ಶಿಕ್ಷಕಿಗೂ ಅಷ್ಟೇ. ಮೇಲಿನ ಹಂತದಲ್ಲಿ ಹಲವು ದಿನಗಳ ಅಭ್ಯಾಸವಾಗಿದ್ದುದು ಕೆಳಗೆ ಬರುವಷ್ಟರಲ್ಲಿ ಉಪನ್ಯಾಸವಾಗುತ್ತದೆ. ಶಿಕ್ಷಕರು ಕೈಪಿಡಿಯೊಂದನ್ನು ಹಿಡಿದು ಶಾಲೆಗೆ ಮರಳುತ್ತಾರೆ, ಕೈಪಿಡಿಯು ಬೀರುವನ್ನು ಸೇರುತ್ತದೆ. ಇದರಲ್ಲಿ ಶಿಕ್ಷಕರ ಉದಾಸೀನವನ್ನಷ್ಟೇ ಕಾಣುವುದು ನ್ಯಾಯವಲ್ಲ. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಿಂದ ಒಬ್ಬರು ತರಬೇತಿಗೆ ಹೋದರೆ ಉಳಿದವರು ಐದು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಳ್ಳಬೇಕಾಗುತ್ತದೆ. ತರಬೇತಿ ಪಡೆದವರಿಗೆ ಮುಂದಿನ ವರ್ಷ ವರ್ಗಾವಣೆಯಾದರೆ ಶಾಲೆಯು ಮತ್ತೆ ಶೂನ್ಯದಿಂದ ಆರಂಭಿಸುತ್ತದೆ.

ಆದ್ದರಿಂದ ತರಬೇತಿಯನ್ನು ವ್ಯಕ್ತಿಗೆ ಕೊಡುವುದಕ್ಕಿಂತ ಶಾಲೆಗೆ ಕೊಡುವ ಕ್ರಮವನ್ನು ರೂಢಿಸುವುದು ಅಪೇಕ್ಷಣೀಯ. ತರಬೇತಿ ಪಡೆದು ಮರಳಿದ ಶಿಕ್ಷಕರು 15 ದಿನಗಳೊಳಗೆ ತಮ್ಮ ಸಹೋದ್ಯೋಗಿಗಳ ಎದುರು ಒಂದು ಚಟುವಟಿಕೆಯನ್ನು ನಡೆಸಿ ತೋರಿಸುವುದು, ಅದನ್ನು ಮುಖ್ಯೋಪಾಧ್ಯಾಯರು ವಹಿಯಲ್ಲಿ ದಾಖಲಿಸುವುದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿನ ಸಭೆಯಲ್ಲಿ ಆ ವಹಿಯನ್ನು ಮಂಡಿಸುವುದು – ಇಷ್ಟಕ್ಕೆ ಹಣವೇನೂ ಬೇಡ. ಸಿ.ಆರ್.ಪಿ.ಗಳು ನಡೆಸುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಅರ್ಧ ಗಂಟೆಯನ್ನು ಆರೋಗ್ಯ ವಿಷಯಕ್ಕೆ ಮೀಸಲಿಡಲು ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಪತ್ರ ಮುಖೇನ ಕೋರಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ವಿಕಾಸದಲ್ಲಿ ತೊಡಗಬೇಕೆಂದು ನಿರೀಕ್ಷಿಸಿದೆ. ಆ ಗಂಟೆಗಳಲ್ಲಿ ಕೆಲವನ್ನು ಇಲ್ಲಿಯೇ, ನಮ್ಮ ಊರಿನ ಸಮಸ್ಯೆಯ ಮೇಲೆ ಕಳೆಯುವುದು ದೂರದ ಸಭಾಂಗಣದಲ್ಲಿ ಕಳೆಯುವುದಕ್ಕಿಂತ ಉಪಯುಕ್ತ.

ಕಲಿಸುವವರು ಯಾರು ಎಂಬ ಪ್ರಶ್ನೆಗೆ ದೂರ ಹೋಗಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಆರೋಗ್ಯ ನಿರೀಕ್ಷಣಾಧಿಕಾರಿ ಇವರೆಲ್ಲ ನಮ್ಮ ಸುತ್ತಲೇ ಇದ್ದಾರೆ. ತಾಲ್ಲೂಕು ಮಟ್ಟದಲ್ಲಿ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿ ಎಂಬ ಹುದ್ದೆಯೇ ಇದೆ. ಹುದ್ದೆಯ ಹೆಸರಿನಲ್ಲಿಯೇ ಶಿಕ್ಷಣವಿದ್ದರೂ ನಮ್ಮ ಪಂಚಾಯತಿಗಳಿಂದ ಅವರಿಗೆ ಆಹ್ವಾನ ಹೋಗುವುದು ಕಡಿಮೆ. ತರಬೇತಿಯ ದಿನವನ್ನು ಗೊತ್ತುಪಡಿಸುವಾಗ ದಾಖಲಾತಿಯ ಜೂನ್ ತಿಂಗಳನ್ನೂ ಪರೀಕ್ಷೆಯ ತಿಂಗಳುಗಳನ್ನೂ ಬಿಡುವುದು ಸರಿ. ಜನಗಣತಿ, ಚುನಾವಣೆ ಮತ್ತು ವಿಪತ್ತು ಪರಿಹಾರಗಳನ್ನು ಹೊರತುಪಡಿಸಿ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಪ್ರಕರಣ ಹೇಳುತ್ತದೆ. ಆರೋಗ್ಯ ಶಿಕ್ಷಣದ ಹೆಸರಿನಲ್ಲಿ ಅವರನ್ನು ಸಮೀಕ್ಷೆಗೆ ಕಳುಹಿಸುವ ಆಲೋಚನೆ ಯಾರಿಗಾದರೂ ಬಂದರೆ ಈ ಪ್ರಕರಣವನ್ನು ನೆನಪಿಸತಕ್ಕದ್ದು.

ತರಬೇತಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಇಬ್ಬರಿದ್ದಾರೆ: ಬಿಸಿಯೂಟದ ಅಡುಗೆ ಸಿಬ್ಬಂದಿ ಮತ್ತು ಪಂಚಾಯತಿಯ ನೀರುಗಂಟಿ. ಮಗುವಿನ ಹೊಟ್ಟೆಗೆ ಹೋಗುವ ಅನ್ನವೂ ನೀರೂ ಇವರ ಕೈದಾಟಿಯೇ ಬರಬೇಕು. ಶಾಲೆಯ ತೊಟ್ಟಿಯನ್ನು ಯಾವಾಗ ತೊಳೆಯಬೇಕು, ಕ್ಲೋರಿನ್ ಎಷ್ಟು ಹಾಕಬೇಕು, ನಲ್ಲಿಯ ತುದಿಯಲ್ಲಿ ಅದು ಉಳಿದಿದೆಯೇ ಎಂದು ಹೇಗೆ ನೋಡಬೇಕು ಎಂಬುದನ್ನು ನೀರುಗಂಟಿಗೂ ವಿಜ್ಞಾನ ಶಿಕ್ಷಕರಿಗೂ ಒಟ್ಟಿಗೆ ಕಲಿಸಿದರೆ ಎರಡು ಕೆಲಸ ಒಂದೇ ದಿನ ಆಗುತ್ತದೆ. ಜಲಜೀವನ ಮಿಷನ್ ಅಡಿಯಲ್ಲಿ ಬಂದಿರುವ ನೀರು ಪರೀಕ್ಷಾ ಕಿಟ್ ಪಂಚಾಯತಿಯ ಕಚೇರಿಯಲ್ಲಿದ್ದರೆ ಅದನ್ನು 8ನೇ ತರಗತಿಯ ಮಕ್ಕಳ ಎದುರು ತೆರೆಯಿರಿ. ಅದೂ ಪಾಠವೇ.

ನಮ್ಮ ಊರಿಗೆ ಯಾವ ಪಾಠ?

ರಾಜ್ಯಕ್ಕೆಲ್ಲ ಒಂದೇ ಕೈಪಿಡಿ ಇರಬಹುದು, ಕಾಯಿಲೆಗಳು ಹಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಮಲೆನಾಡಿನ ಮಕ್ಕಳಿಗೆ ಇಂದಿಗೂ ನಿಜವಾದ ಭಯ. ಅಲ್ಲಿನ ಶಿಕ್ಷಕರಿಗೆ ಉಣುಗಿನ ಬಗ್ಗೆ, ಸತ್ತ ಮಂಗವನ್ನು ಕಂಡಾಗ ಯಾರಿಗೆ ತಿಳಿಸಬೇಕೆಂಬುದರ ಬಗ್ಗೆ ತಿಳಿದಿರಲೇಬೇಕು. ಕೋಲಾರ, ಪಾವಗಡದಂತಹ ಕಡೆಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಮುಖ್ಯ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿ.ಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆಯನ್ನು ಶಿಕ್ಷಕಿ ಓದಬಲ್ಲವರಾದರೆ ಯಾವ ಬಡಾವಣೆಯ ಮಕ್ಕಳು ಶುದ್ಧ ನೀರಿನ ಘಟಕಕ್ಕೆ ಬರುತ್ತಿಲ್ಲವೆಂದು ಪಂಚಾಯತಿಗೆ ಮನೆಗಣತಿಯಿಲ್ಲದೆ ತಿಳಿಯುತ್ತದೆ. ಕರಾವಳಿಯಲ್ಲಿ ಇಲಿಜ್ವರ, ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಬಾಲ್ಯವಿವಾಹ ಮತ್ತು ತಂದೆತಾಯಿಯರ ದುಡಿಮೆಯ ವಲಸೆಯ ಜೊತೆಗೆ ಬರುವ ಅಪೌಷ್ಟಿಕತೆ – ಹೀಗೆ ಆದ್ಯತೆಗಳು ಬೇರೆಬೇರೆ.

ಹಾವು ಮತ್ತು ನಾಯಿ ಕಡಿತಗಳಂತೂ ಎಲ್ಲ ಜಿಲ್ಲೆಗಳಿಗೂ ಸೇರಿದುವು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಕಡಿದ ಜಾಗವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಅಂಗವನ್ನು ಅಲುಗಾಡಿಸದೆ ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಬೇಕು, ಅರಿಶಿನ ಸುಣ್ಣಗಳನ್ನು ಮೆತ್ತಬಾರದು. ಇದನ್ನು 5ನೇ ತರಗತಿಯ ಮಗು ಕಲಿತರೆ ಮನೆಯವರಿಗೂ ಕಲಿಸುತ್ತದೆ. ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ದಾಸ್ತಾನಿದೆ ಎಂಬ ಮಾಹಿತಿಯನ್ನು ಶಾಲೆಯ ಗೋಡೆಯ ಮೇಲೆ ಬರೆಸುವುದು ಪಂಚಾಯತಿಗೆ ಒಂದು ಡಬ್ಬ ಬಣ್ಣದ ಖರ್ಚು.

ಆದ್ಯತೆಯನ್ನು ತಿಳಿಯಲು ಹೊಸ ಸಮೀಕ್ಷೆ ಬೇಡ. ಆರೋಗ್ಯ ಕೇಂದ್ರದ ವರದಿಗಳು, ಬಾಲ ಸ್ವಾಸ್ಥ್ಯ ತಂಡದ ಶಾಲಾವಾರು ಪಟ್ಟಿ, ಅಂಗನವಾಡಿಯ ತೂಕದ ದಾಖಲೆ, ಶಾಲೆಯ ಹಾಜರಾತಿ ವಹಿ – ಈ ನಾಲ್ಕನ್ನು ಒಂದೇ ಮೇಜಿನ ಮೇಲೆ ಇಟ್ಟರೆ ಸಾಕು. ಐದನೆಯದಾಗಿ ಮಕ್ಕಳ ಗ್ರಾಮ ಸಭೆಯಿದೆ. ಅಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಚಪ್ಪಾಳೆ ತಟ್ಟಿಸಿ ಕಳುಹಿಸುವ ಬದಲು, ಅವನ್ನು ಬರೆದುಕೊಂಡು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸುವುದು ಕ್ರಮಬದ್ಧ.

ಕಬ್ಬಿಣಾಂಶದ ಮಾತ್ರೆಯ ದಿನ

ಒಂದು ಕಾರ್ಯಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 19 ವರ್ಷದ ಬಾಲಕಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕಾಗಿ 5ರಿಂದ 9 ವರ್ಷದ ಮಕ್ಕಳಿಗೆ 45 ಮಿ.ಗ್ರಾಂ ಕಬ್ಬಿಣಾಂಶವುಳ್ಳ ಗುಲಾಬಿ ಮಾತ್ರೆಯನ್ನೂ, 10ರಿಂದ 19 ವರ್ಷದವರಿಗೆ 60 ಮಿ.ಗ್ರಾಂನ ನೀಲಿ ಮಾತ್ರೆಯನ್ನೂ ವಾರಕ್ಕೊಮ್ಮೆ ನೀಡಲಾಗುತ್ತದೆ. ಮಾತ್ರೆ ಉಚಿತ, ಶಾಲೆಗೇ ಬರುತ್ತದೆ. ಆದರೂ ಹಲವೆಡೆ ಅದು ಮಗುವಿನ ಬಾಯಿಯಿಂದ ಕಿಟಕಿಯಾಚೆಗೆ ಹೋಗುವುದುಂಟು.

ಕಾರಣ ಸರಳ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರುತ್ತದೆ. ಮಲ ಕಪ್ಪಾಗುತ್ತದೆ. ಇವೆರಡನ್ನೂ ಮೊದಲೇ ಹೇಳದಿದ್ದರೆ ಮಗುವೂ ಹೆದರುತ್ತದೆ, ತಾಯಿಯೂ ಹೆದರುತ್ತಾಳೆ. ಒಂದು ಮಗು ವಾಂತಿ ಮಾಡಿಕೊಂಡರೆ ಇಡೀ ತರಗತಿಗೆ ಹೊಟ್ಟೆ ತೊಳಸಿದಂತಾಗುತ್ತದೆ, ಸಂಜೆಯ ಹೊತ್ತಿಗೆ ಸುದ್ದಿಯು ಮೊಬೈಲ್‌ಗಳಲ್ಲಿ ಹರಿದಾಡುತ್ತದೆ, ಮುಂದಿನ ವಾರ ಪೋಷಕರು ಮಾತ್ರೆಯೇ ಬೇಡವೆನ್ನುತ್ತಾರೆ. ಇಂತಹ ದಿನದಲ್ಲಿ ಏನು ಹೇಳಬೇಕು, ಯಾರಿಗೆ ಕರೆ ಮಾಡಬೇಕು, ಮಗುವನ್ನು ಎಲ್ಲಿ ಮಲಗಿಸಬೇಕು ಎಂಬುದು ಶಿಕ್ಷಕರ ತರಬೇತಿಯ ಭಾಗವಾಗಿರಬೇಕು. ಮಧ್ಯಾಹ್ನದ ಊಟದ ನಂತರವೇ ಕೊಡುವುದು, ಶಿಕ್ಷಕರ ಎದುರಿಗೇ ನುಂಗಿಸುವುದು, ಮನೆಗೆ ಕೊಟ್ಟು ಕಳುಹಿಸದಿರುವುದು ಮುಖ್ಯ. ಶಿಕ್ಷಕಿಯೇ ಮೊದಲು ಮಾತ್ರೆ ನುಂಗಿ ತೋರಿಸಿದ ಶಾಲೆಗಳಲ್ಲಿ ಮಕ್ಕಳ ಅಂಜಿಕೆ ಬೇಗ ಇಳಿಯುವುದನ್ನು ಕಂಡಿದ್ದೇನೆ.

ಇದರೊಡನೆ ಸಣ್ಣ ರಸಾಯನಶಾಸ್ತ್ರವೊಂದಿದೆ. ಹಾಲಿನ ಸುಣ್ಣಾಂಶ ಮತ್ತು ಚಹಾದಲ್ಲಿನ ಅಂಶಗಳು ಕಬ್ಬಿಣಾಂಶವು ದೇಹಕ್ಕೆ ಸೇರುವುದನ್ನು ತಗ್ಗಿಸುತ್ತವೆ, ನಿಂಬೆ, ನೆಲ್ಲಿ, ಸೀಬೆ ಹಣ್ಣುಗಳ ಹುಳಿಯು ಅದನ್ನು ಹೆಚ್ಚಿಸುತ್ತದೆ. ಕ್ಷೀರಭಾಗ್ಯದ ಹಾಲು ಬೆಳಗ್ಗೆ, ಮಾತ್ರೆ ಮಧ್ಯಾಹ್ನದ ಊಟದ ನಂತರ ಎಂಬ ಅಂತರವನ್ನು ಕಾಯ್ದುಕೊಳ್ಳಬೇಕಾದುದು ಈ ಕಾರಣಕ್ಕೆ. ಮಾತ್ರೆಯ ದಿನ ಅಡುಗೆಯವರು ಸಾರಿಗೆ ಒಂದಿಷ್ಟು ನಿಂಬೆರಸ ಹಿಂಡಿದರೆ ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ. ಶಾಲೆಯ ಕೈತೋಟದಲ್ಲಿ ನುಗ್ಗೆ, ನಿಂಬೆ ಗಿಡಗಳಿದ್ದರಂತೂ ಇನ್ನೂ ಒಳ್ಳೆಯದು.

ಕೈತೊಳೆಯುವ ಲೆಕ್ಕ

ನಾನು ಇಂಜಿನಿಯರಿಂಗ್ ಓದಿದವನಾದ್ದರಿಂದ ಈ ಲೆಕ್ಕವನ್ನು ಸದಸ್ಯರ ಮುಂದಿಡದೆ ಇರಲಾರೆ. 180 ಮಕ್ಕಳಿರುವ ಶಾಲೆಯಲ್ಲಿ 4 ನಲ್ಲಿಗಳಿವೆ ಎಂದಿಟ್ಟುಕೊಳ್ಳಿ. ಒಂದು ನಲ್ಲಿಗೆ 45 ಮಕ್ಕಳು. ಸಾಬೂನು ಹಚ್ಚಿ ಸರಿಯಾಗಿ ಕೈತೊಳೆಯಲು ಮಗುವೊಂದಕ್ಕೆ 40 ಸೆಕೆಂಡು ಹಿಡಿದರೆ ಒಟ್ಟು 1800 ಸೆಕೆಂಡು, ಅಂದರೆ 30 ನಿಮಿಷ. ಊಟದ ಬಿಡುವಿನ ಬಹುಪಾಲು ಸರದಿಯಲ್ಲಿಯೇ ಕಳೆಯುತ್ತದೆ. ಹಸಿದ ಮಗು 30 ನಿಮಿಷ ಕಾಯುವುದಿಲ್ಲ, ಬೆರಳ ತುದಿ ಒದ್ದೆ ಮಾಡಿಕೊಂಡು ತಟ್ಟೆ ಹಿಡಿಯುತ್ತದೆ. ಆಗ ಆರು ಹಂತದ ಕೈತೊಳೆಯುವಿಕೆಯನ್ನು ಶಿಕ್ಷಕರು ಎಷ್ಟು ಚೆನ್ನಾಗಿ ಕಲಿಸಿದರೂ ಪ್ರಯೋಜನವಿಲ್ಲ. ಅದೇ ಶಾಲೆಯಲ್ಲಿ ಒಂದು ಉದ್ದನೆಯ ಕೊಳವೆಗೆ 12 ನಲ್ಲಿಗಳನ್ನು ಜೋಡಿಸಿದರೆ ನಲ್ಲಿಗೆ 15 ಮಕ್ಕಳಾಗಿ 10 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ನಲ್ಲಿಗಳನ್ನು ಎರಡು ಎತ್ತರದಲ್ಲಿ ಕೂರಿಸಬೇಕು. 1ನೇ ತರಗತಿಯ ಮಗುವಿಗೆ ದೊಡ್ಡವರ ಎತ್ತರದ ಕಟ್ಟೆ ಎಟಕುವುದಿಲ್ಲ. ಬಿಡಿ ಸಾಬೂನು ಒಂದೇ ದಿನದಲ್ಲಿ ಕಾಣೆಯಾಗುತ್ತದೆ ಎಂಬ ದೂರಿಗೆ ಬಲೆಯ ಚೀಲದಲ್ಲಿ ಕಟ್ಟಿ ತೂಗುಹಾಕುವುದು ಪರಿಹಾರ. ಹರಿದುಹೋಗುವ ನೀರನ್ನು ಕೈತೋಟಕ್ಕೆ ತಿರುಗಿಸುವಂತೆ ಚರಂಡಿಯ ಇಳಿಜಾರನ್ನು ಅಂದಾಜುಪಟ್ಟಿಯ ಹಂತದಲ್ಲಿಯೇ ನಮೂದಿಸಬೇಕು, ಕಟ್ಟಿದ ಮೇಲೆ ತಿರುಗಿಸಲಾಗದು. 2021-26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿತವಾಗಿದ್ದು, ಈ ಬಗೆಯ ಕಾಮಗಾರಿಗಳನ್ನು ಆ ಭಾಗದಲ್ಲಿ ಪ್ರಸ್ತಾಪಿಸುವುದು ಸಹಜ. ತರಬೇತಿಯ ದಿನದ ಊಟ, ಮುದ್ರಣ, ಪ್ರಥಮ ಚಿಕಿತ್ಸಾ ಪೆಟ್ಟಿಗೆಯಂತಹ ಸಣ್ಣ ವೆಚ್ಚಗಳನ್ನು ಸ್ವಂತ ಸಂಪನ್ಮೂಲದಿಂದ ಭರಿಸಬಹುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿಯತ್ತಲೂ ಗಮನ ಹರಿಸುವುದು.

ಬಳಸಿದ ಸ್ಯಾನಿಟರಿ ಪ್ಯಾಡ್‌ಗಳ ವಿಲೇವಾರಿಯೂ ಇದೇ ಸಾಲಿಗೆ ಸೇರುತ್ತದೆ. ಪ್ಯಾಡ್ ಕೊಟ್ಟು, ಅದನ್ನು ಎಸೆಯಲು ಮುಚ್ಚಳವಿರುವ ಡಬ್ಬವನ್ನು ಕೊಡದಿದ್ದರೆ ಅದು ಶೌಚಗುಂಡಿಯನ್ನು ಸೇರಿ ಇಡೀ ಶೌಚಾಲಯವನ್ನು ಕೆಡಿಸುತ್ತದೆ. ಸ್ವಚ್ಛ ವಾಹಿನಿಯು ಶಾಲೆಗೆ ಯಾವ ದಿನ ಬರುತ್ತದೆ, ಅದನ್ನು ಪ್ರತ್ಯೇಕವಾಗಿ ಒಯ್ಯುವವರು ಯಾರು ಎಂಬುದನ್ನು ಪಂಚಾಯತಿಯೇ ತೀರ್ಮಾನಿಸಬೇಕು.

ಹೇಳಲು ಹಿಂಜರಿಯುವ ಪಾಠ

ಹದಿಹರೆಯದ ದೇಹದ ಬದಲಾವಣೆ, ಮುಟ್ಟು, ಸಂತಾನೋತ್ಪತ್ತಿ, ಅಸಭ್ಯ ಸ್ಪರ್ಶ – ಈ ವಿಷಯಗಳು ಬಂದಾಗ ಅನೇಕ ಶಿಕ್ಷಕರು ಅಧ್ಯಾಯವನ್ನು ಮನೆಯಲ್ಲಿ ಓದಿಕೊಳ್ಳಿರೆಂದು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಅವರಿಗೆ ತಿಳಿವಳಿಕೆಯ ಕೊರತೆಗಿಂತ ಹೆಚ್ಚಾಗಿ ಅಂಜಿಕೆಯಿದೆ. ತರಗತಿಯಲ್ಲಿ ಹೇಳಿದ ಒಂದು ಮಾತು ಊರಿನ ಕಟ್ಟೆಯಲ್ಲಿ ಬೇರೊಂದಾಗಿ ಕೇಳಿಸಿ, ಮರುದಿನ ಪೋಷಕರು ಗುಂಪಾಗಿ ಶಾಲೆಗೆ ಬಂದರೆ ತಮ್ಮ ಪರವಾಗಿ ನಿಲ್ಲುವವರು ಯಾರೆಂಬುದು ಅವರ ಪ್ರಶ್ನೆ. ಹೊರಗಿನ ಊರಿಂದ ಬಂದು ಬಾಡಿಗೆ ಮನೆಯಲ್ಲಿರುವ ಯುವ ಶಿಕ್ಷಕಿಗೆ ಈ ಪ್ರಶ್ನೆ ಇನ್ನೂ ಭಾರವಾದುದು.

ಇಲ್ಲಿ ಸದಸ್ಯರ ಪಾತ್ರಕ್ಕೆ ಬದಲಿಯಿಲ್ಲ. ಪಾಠ ಆರಂಭವಾಗುವ ಮೊದಲೇ ಪೋಷಕರ ಸಭೆ ಕರೆದು, ವೈದ್ಯಾಧಿಕಾರಿ ಅಥವಾ ಸಮುದಾಯ ಆರೋಗ್ಯ ಅಧಿಕಾರಿಯಿಂದ ಏನನ್ನು, ಯಾವ ವಯಸ್ಸಿನವರಿಗೆ, ಯಾವ ಮಾತುಗಳಲ್ಲಿ ಹೇಳಲಾಗುವುದೆಂದು ವಿವರಿಸಬೇಕು. ಆ ಸಭೆಯಲ್ಲಿ ವಾರ್ಡಿನ ಸದಸ್ಯರು, ವಿಶೇಷವಾಗಿ ಮಹಿಳಾ ಸದಸ್ಯರು, ಮುಂದಿನ ಸಾಲಿನಲ್ಲಿ ಕೂರಬೇಕು. ಆಕ್ಷೇಪ ಬಂದಲ್ಲಿ ಶಿಕ್ಷಕರನ್ನು ಒಬ್ಬಂಟಿಯಾಗಿ ಉತ್ತರಿಸಲು ಬಿಡದೆ ಶಾಲಾ ಸಮಿತಿಯ ಮುಂದೆ ಚರ್ಚೆಗೆ ತರಬೇಕು. ನಾನು ಕಂಡಂತೆ ತಾಯಂದಿರ ವಿರೋಧ ಕಡಿಮೆ, ತಮಗೆ ಯಾರೂ ಹೇಳಿರಲಿಲ್ಲ, ಮಗಳಿಗಾದರೂ ಹೇಳಲಿ ಎನ್ನುವವರೇ ಹೆಚ್ಚು.

ಈ ಪಾಠಗಳ ನಂತರ ಮಗುವೊಂದು ತನಗಾದ ಕಿರುಕುಳವನ್ನು ಶಿಕ್ಷಕರ ಬಳಿ ಹೇಳಿಕೊಳ್ಳುವ ಸಂಭವವಿದೆ. 2012ರ ಪೋಕ್ಸೊ ಕಾಯ್ದೆಯಡಿ ಅಂತಹ ವಿಷಯ ತಿಳಿದವರು ಅದನ್ನು ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಊರಿನ ಹಿರಿಯರ ಸಮ್ಮುಖದಲ್ಲಿ ರಾಜಿ ಮಾಡಿಸುವುದಕ್ಕೆ ಅಲ್ಲಿ ಅವಕಾಶವಿಲ್ಲ, ಸದಸ್ಯರೂ ಅದಕ್ಕೆ ಕೈಹಾಕಬಾರದು. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416 ಸಂಖ್ಯೆಗಳು ಎಲ್ಲ ಶಿಕ್ಷಕರಿಗೂ ಕಂಠಪಾಠವಾಗಿರಬೇಕು.

ತಂಬಾಕಿನ ಪಾಠಕ್ಕೆ ಮಾತ್ರ ಪಂಚಾಯತಿಯ ಕೈಯಲ್ಲಿ ನೇರ ಅಧಿಕಾರವಿದೆ. 2003ರ ಕೇಂದ್ರ ಕಾಯ್ದೆಯು ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ತಂಬಾಕು ಉತ್ಪನ್ನಗಳ ಮಾರಾಟವನ್ನು ನಿಷೇಧಿಸಿದೆ. ಟೇಪು ಹಿಡಿಯುವಾಗ 100 ಮೀಟರ್ ಎಂದೇ ಅಳೆದರೆ ಗಜ-ಮೀಟರಿನ ವಾದಕ್ಕೆ ಎಡೆಯಿರುವುದಿಲ್ಲ. ಅಂಗಡಿಯ ಪರವಾನಗಿ ನವೀಕರಣದ ವೇಳೆ ಈ ಷರತ್ತನ್ನು ಪರಿಶೀಲಿಸದೆ ತರಗತಿಯಲ್ಲಿ ಗುಟ್ಕಾ ವಿರೋಧಿ ಭಾಷಣ ಮಾಡಿಸುವುದನ್ನು ಮಕ್ಕಳು ಗಂಭೀರವಾಗಿ ತೆಗೆದುಕೊಳ್ಳಲಾರರು.

ಪತ್ತೆಯಾದ ಮಗು ಆಸ್ಪತ್ರೆ ತಲುಪಿತೇ?

ನಾನು ಕಾರ್ಯನಿರ್ವಹಿಸಿದ ಪಂಚಾಯತಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ನೇ ತರಗತಿಯ ಬಾಲಕನೊಬ್ಬ ಹಲವು ವರ್ಷ ದಡ್ಡನೆನಿಸಿಕೊಂಡಿದ್ದ. ದೃಷ್ಟಿ ಪರೀಕ್ಷೆಯ ಸರಳ ತರಬೇತಿ ಪಡೆದು ಬಂದ ಶಿಕ್ಷಕರೊಬ್ಬರು ಜಗಲಿಯ ಮೇಲೆ 6 ಮೀಟರ್ ದೂರದ ಗೆರೆ ಎಳೆಸಿ, ಫಲಕ ತೂಗುಹಾಕಿ, ಎಲ್ಲ ಮಕ್ಕಳನ್ನೂ ಒಂದೊಂದು ಕಣ್ಣು ಮುಚ್ಚಿಸಿ ನಿಲ್ಲಿಸಿದಾಗ, ಆ ಹುಡುಗನಿಗೆ ಮೇಲಿನ ಸಾಲು ಸಹ ಕಾಣಲಿಲ್ಲ. ಅವನಿಗೆ ಬೇಕಾಗಿದ್ದುದು ಕನ್ನಡಕ. ಈ ಪರೀಕ್ಷೆಗೆ ಬೇಕಾದುದು ಒಂದು ಫಲಕ, ಅಳತೆಯ ಗೆರೆ ಮತ್ತು ಅರ್ಧ ದಿನದ ತರಬೇತಿ. ಕಿವಿ ಕೇಳಿಸದ ಮಗುವನ್ನೂ ಹೀಗೆಯೇ ಶಿಕ್ಷಕರು ಎಲ್ಲರಿಗಿಂತ ಮೊದಲು ಗುರುತಿಸಬಲ್ಲರು.

ಆದರೆ ಗುರುತಿಸಿದ ಮೇಲೆ ಆ ಹುಡುಗ ತಾಲ್ಲೂಕು ಆಸ್ಪತ್ರೆಗೆ ಹೋಗಲು ಎರಡೂವರೆ ತಿಂಗಳಾಯಿತು. ತಂದೆಗೆ ಒಂದು ದಿನದ ಕೂಲಿ ತಪ್ಪುತ್ತಿತ್ತು, ಕಣ್ಣಿನ ವೈದ್ಯರು ಯಾವ ದಿನ ಇರುತ್ತಾರೆಂಬುದು ಯಾರಿಗೂ ತಿಳಿದಿರಲಿಲ್ಲ. ಬಾಲ ಸ್ವಾಸ್ಥ್ಯ ತಂಡವು ಶಿಫಾರಸು ಮಾಡಿದ ಚೀಟಿಗಳು ಮಕ್ಕಳ ಚೀಲದಲ್ಲಿಯೇ ಉಳಿಯುವುದು ಇದೇ ಕಾರಣಕ್ಕೆ. ಶಿಫಾರಸಾದ ಮಕ್ಕಳ ಪಟ್ಟಿಯನ್ನು ಪಡೆದು, ವೈದ್ಯರ ದಿನ ವಿಚಾರಿಸಿ, ಹತ್ತಿಪ್ಪತ್ತು ಮಕ್ಕಳನ್ನು ಪೋಷಕರೊಡನೆ ಒಂದೇ ವಾಹನದಲ್ಲಿ ಕಳುಹಿಸುವ ವ್ಯವಸ್ಥೆಯನ್ನು ಪಂಚಾಯತಿಯು ವರ್ಷಕ್ಕೆ ಎರಡು ಬಾರಿ ಮಾಡಿದರೂ ಸಾಕು. ಮಕ್ಕಳ ಕಾಯಿಲೆಯ ವಿವರ ಗೋಪ್ಯವಾಗಿರತಕ್ಕದ್ದು. ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕಬಾರದು, ಸಭೆಯಲ್ಲಿ ಹೆಸರು ಓದಬಾರದು, ಸಂಖ್ಯೆ ಮಾತ್ರ ಮಂಡಿಸಬೇಕು.

ಪಂಚಾಯತಿ ಮಟ್ಟದ ತ್ರೈಮಾಸಿಕ ಕೆ.ಡಿ.ಪಿ. ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮತ್ತು ಆರೋಗ್ಯ ಸಿಬ್ಬಂದಿ ಇಬ್ಬರೂ ಹಾಜರಿರುತ್ತಾರೆ. ಅಲ್ಲಿ "ಎಷ್ಟು ಶಿಕ್ಷಕರಿಗೆ ತರಬೇತಿಯಾಯಿತು" ಎಂದು ಕೇಳಿದರೆ ಅಂಕಿಯೊಂದು ಸಿಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ, ಕಳೆದ ಮೂರು ತಿಂಗಳಲ್ಲಿ ಶಿಫಾರಸಾದ ಮಕ್ಕಳೆಷ್ಟು, ಆಸ್ಪತ್ರೆ ತಲುಪಿದವರೆಷ್ಟು. ಮಾತ್ರೆಯ ದಿನ ಎಷ್ಟು ವಾರ ತಪ್ಪಿತು, ದಾಸ್ತಾನು ಮುಗಿದಿದ್ದಕ್ಕೋ ಬೇರೆ ಕಾರಣಕ್ಕೋ. 24 ವಾರಗಳ ಆರೋಗ್ಯ ತರಗತಿಗಳಲ್ಲಿ ನಡೆದುವೆಷ್ಟು ಎಂದು ಕೇಳಬೇಕು. ಸಾಬೂನು ಇದೆಯೇ ಎಂಬುದನ್ನು ಕೇಳುವುದು ಬೇಡ, ಮುನ್ಸೂಚನೆಯಿಲ್ಲದ ಒಂದು ಮಧ್ಯಾಹ್ನ ಶಾಲೆಗೆ ಹೋಗಿ ನೋಡುವುದು.

ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯ ಒಂಬತ್ತು ಸುಸ್ಥಿರ ಅಭಿವೃದ್ಧಿ ವಿಷಯಗಳಲ್ಲಿ "ಆರೋಗ್ಯಕರ ಗ್ರಾಮ" ಮತ್ತು "ಮಕ್ಕಳ ಸ್ನೇಹಿ ಗ್ರಾಮ" ಎರಡೂ ಇವೆ. ಮುಂದಿನ ಯೋಜನೆಯ ವಾರ್ಡ್ ಸಭೆಗಳಿಗೆ ಮುನ್ನ ಪ್ರತಿ ಶಾಲೆಯಿಂದ ಒಂದೇ ಪುಟದ ಟಿಪ್ಪಣಿಯನ್ನು ತರಿಸಿಕೊಳ್ಳುವುದು ಸೂಕ್ತ: ಮಕ್ಕಳ ಸಂಖ್ಯೆ, ನಲ್ಲಿಗಳ ಸಂಖ್ಯೆ, ಬಳಕೆಯಲ್ಲಿರುವ ಬಾಲಕಿಯರ ಶೌಚಾಲಯ, ಆರೋಗ್ಯ ರಾಯಭಾರಿ ಶಿಕ್ಷಕರಿಬ್ಬರ ಹೆಸರು ಮತ್ತು ಅವರು ತರಬೇತಿ ಪಡೆದ ದಿನಾಂಕ, ಬಾಕಿಯಿರುವ ಶಿಫಾರಸುಗಳ ಸಂಖ್ಯೆ. ರಾಯಭಾರಿ ಶಿಕ್ಷಕರು ವರ್ಗಾವಣೆಯಾಗಿ ಸ್ಥಾನ ಖಾಲಿಯಿರುವ ಶಾಲೆಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ, ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ನೀಡುವುದು. ಟಿಪ್ಪಣಿಗಳನ್ನು ಗ್ರಾಮ ಸಭೆಗೆ ಮಂಡಿಸಿದ ಬಳಿಕ ಪಂಚಾಯತಿ ಕಚೇರಿಯಲ್ಲಿ ಒಂದೇ ಕಡತದಲ್ಲಿ ಇರಿಸಿದರೆ, ಮುಂದೆ ಬರುವ ಅಭಿವೃದ್ಧಿ ಅಧಿಕಾರಿಗೂ ಸದಸ್ಯರಿಗೂ ಹಿಂದಿನ ವರ್ಷದ ಸ್ಥಿತಿಯೊಡನೆ ಹೋಲಿಸಿ ನೋಡಲು ಸಿಗುತ್ತದೆ.